ಇಂಜಿನ್ ದೀಪ ಹತ್ತಿಕೊಂಡರೆ...



ಸಾಲ ಮಾಡಿ ಟ್ಯಾಕ್ಸಿ ಕೊಂಡವರಿಗೆ ಮುಂದಿನ ಕಂತಿನ ಚಿಂತೆ ಇದ್ದದ್ದೇ. ಅಂಥದ್ದರಲ್ಲಿ ಮೀಟರ್ ಪಕ್ಕದಲ್ಲಿ ಇಂಜಿನ್ ಆಕಾರದ ಹಳದಿ ದೀಪ ಹತ್ತಿಕೊಂಡರೆ ಎದೆ ಧಸಕ್ಕೆನ್ನುತ್ತದೆ. ಗ್ಯಾರೇಜಿನಲ್ಲಿ ಸ್ಕ್ಯಾನರ್ ಜೋಡಿಸಿ "ಸೆನ್ಸರ್ ಹೋಗಿದೆ" ಅಂತಾರೆ. ಸಾವಿರಾರು ರೂಪಾಯಿ ಕೊಟ್ಟು ಬದಲಿಸಿದರೂ ಕೆಲವೊಮ್ಮೆ ವಾರದಲ್ಲೇ ದೀಪ ಮತ್ತೆ ಹಾಜರ್! ಏಕೆಂದರೆ ಕೋಡ್ ಹೇಳುವುದು ತೊಂದರೆ ಎಲ್ಲಿ ಕಂಡಿತು ಎಂದಷ್ಟೆ. ಯಾವ ಭಾಗ ಕೆಟ್ಟಿದೆ ಎಂದಲ್ಲ. ಜ್ವರ ಇದೆ ಎಂದು ಥರ್ಮಾಮೀಟರ್ ಹೇಳುತ್ತದೆ. ಮಲೇರಿಯಾವೋ ಟೈಫಾಯಿಡೋ ತಿಳಿಯಲು ರಕ್ತ ಪರೀಕ್ಷೆಯೇ ಆಗಬೇಕು.

ನಮ್ಮ ದೇಶದಲ್ಲಿ 2013ರ ಏಪ್ರಿಲ್ ನಂತರ ತಯಾರಾದ ಬಿ.ಎಸ್.-4 ಕಾರುಗಳಲ್ಲಿ ಓ.ಬಿ.ಡಿ.-2 ಎಂಬ ವ್ಯವಸ್ಥೆ ಇದೆ. ಸ್ಟೇರಿಂಗ್ ಕೆಳಭಾಗದಲ್ಲಿ ಸಾಮಾನ್ಯವಾಗಿ 16 ಪಿನ್ನಿನ ಸಾಕೆಟ್ ಇರುತ್ತದೆ. ಸ್ಕ್ಯಾನರ್ ಜೋಡಿಸುವುದು ಅಲ್ಲಿಗೇ. ಕೋಡ್ 'ಪಿ' ಅಕ್ಷರದಿಂದ ಶುರುವಾದರೆ ಇಂಜಿನ್ ಅಥವಾ ಗೇರ್‌ಬಾಕ್ಸ್‌ಗೆ ಸಂಬಂಧಿಸಿದ್ದು. ನಂತರದ ಅಂಕಿ 0 ಆದರೆ ಎಲ್ಲ ಕಂಪನಿಗೂ ಒಂದೇ ಅರ್ಥ. 1 ಆದರೆ ಆಯಾ ಕಂಪನಿಯ ಕೈಪಿಡಿ ನೋಡಬೇಕು.

ಪೆಟ್ರೋಲ್ ಕಾರಿನಲ್ಲಿ ಪಿ 0171 ಬಂತೆನ್ನಿ. ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ ಎಂದು ಅರ್ಥ. ಇದನ್ನು ತಿಳಿಸಿದ್ದು ಆಕ್ಸಿಜನ್ ಸೆನ್ಸರ್. ಸುದ್ದಿ ತಂದವನನ್ನೇ ಹೊರಗೆ ಹಾಕಿದರೆ ಏನು ಬಂತು? ಬಿರುಕು ಬಿಟ್ಟ ಒಂದು ರಬ್ಬರ್ ಪೈಪಿನಿಂದಲೂ, ಗಾಳಿ ಅಳೆಯುವ ಸೆನ್ಸರಿನಲ್ಲಿ ಧೂಳು ಕೂತರೂ, ಪೆಟ್ರೋಲ್ ಪಂಪ್ ಸೋತರೂ ಇದೇ ಕೋಡ್ ಬರುತ್ತದೆ. ಸ್ಕ್ಯಾನರಿನಲ್ಲೇ 'ಫ್ಯೂಯೆಲ್ ಟ್ರಿಮ್' ಎಂಬ ಅಂಕಿ ನೋಡಿಸಿ. ಗಾಡಿ ನಿಂತಲ್ಲಿ ನಿಧಾನ ಓಡುವಾಗ ಅದು ಹೆಚ್ಚಿದ್ದು, 2500 ಆರ್.ಪಿ.ಎಂ.ಗೆ ಏರಿಸಿದಾಗ ಇಳಿದರೆ ಪೈಪಿನ ಸೋರಿಕೆಯನ್ನು ಮೊದಲು ಹುಡುಕಬೇಕು. ವೇಗ, ಭಾರ ಹೆಚ್ಚಿದಂತೆ ಅದೂ ಏರಿದರೆ ಪಂಪ್, ಫಿಲ್ಟರ್ ಕಡೆ ನೋಡಬೇಕು.

ಪಿ 0302 ಎಂದರೆ 2ನೇ ಸಿಲಿಂಡರಿನಲ್ಲಿ ಮಿಸ್‌ಫೈರ್. ಪ್ರತಿ ಸಿಲಿಂಡರಿಗೂ ಬೇರೆ ಕಾಯಿಲ್ ಇರುವ ಗಾಡಿಯಾದರೆ 2 ಮತ್ತು 3ರ ಕಾಯಿಲ್ ಅದಲುಬದಲು ಮಾಡಿಸಿ. ಆಮೇಲೆ ಪಿ 0303 ಬಂದರೆ ಕಳ್ಳ ಸಿಕ್ಕಿದ, ಕಾಯಿಲ್ಲೇ ಕೆಟ್ಟಿದೆ. ಪಿ 0302 ಹಾಗೇ ಉಳಿದರೆ ಪ್ಲಗ್, ಇಂಜೆಕ್ಟರ್ ನೋಡಬೇಕು. ಇದಕ್ಕೆ ಒಂದು ಪೈಸೆಯ ಸಾಮಾನೂ ಬೇಡ.

ದೀಪ ಬರೀ ಹತ್ತಿಕೊಂಡಿದ್ದು, ಗಾಡಿ ಸರಿಯಾಗಿ ಓಡುತ್ತಿದ್ದರೆ ಗಾಬರಿ ಬೇಡ, ಬೇಗ ತೋರಿಸಿ. ಆದರೆ ಮಿಣುಕುತ್ತಿದ್ದರೆ ಬಾಡಿಗೆ ಇದ್ದರೂ ಬದಿಗೆ ನಿಲ್ಲಿಸಿ. ಸುಡದ ಪೆಟ್ರೋಲ್ ಸೈಲೆನ್ಸರ್ ಕಡೆ ಹೋಗಿ ದುಬಾರಿ ಕೆಟಲಿಟಿಕ್ ಕನ್ವರ್ಟರನ್ನು ಸುಟ್ಟುಬಿಡುತ್ತದೆ.

ಬ್ಯಾಟರಿ ತೆಗೆದು ದೀಪ ಆರಿಸುವುದನ್ನು ನಾವು ಒಪ್ಪುವುದಿಲ್ಲ. ಕೋಡ್ ಜೊತೆಗೆ, ಆ ಹೊತ್ತಿನ ವೇಗ ಮತ್ತು ಬಿಸಿಯ ದಾಖಲೆಯೂ ಅಳಿಸಿಹೋಗಬಹುದು. ಮೊದಲು ಕೋಡನ್ನು ಚೀಟಿಯಲ್ಲಿ ಬರೆಸಿಕೊಳ್ಳಿ, ಬದಲಿಸಿದ ಹಳೇ ಭಾಗವನ್ನೂ ಕೇಳಿ ತೆಗೆದುಕೊಳ್ಳಿ.