ಜಾಲತಾಣದ ಪ್ಲಗಿನ್‌ಗಳಲ್ಲಿ ಬಿಟ್ಟುಹೋಗುವ ಅಧಿಕಾರ ಪರಿಶೀಲನೆ

ಪಂಚತಂತ್ರ, ಇ-ಸ್ವತ್ತು ಮುಂತಾದ ತಂತ್ರಾಂಶಗಳ ನಿರ್ವಹಣೆ ರಾಜ್ಯ ಮಟ್ಟದಲ್ಲಿ ನಡೆಯುವುದರಿಂದ ಅವು ಈ ಲೇಖನದ ವ್ಯಾಪ್ತಿಗೆ ಬರುವುದಿಲ್ಲ. ಗ್ರಾಮ ಪಂಚಾಯತಿಯ ಹೆಸರಿನಲ್ಲಿ ಖಾಸಗಿಯವರಿಂದ ಪ್ರತ್ಯೇಕ ಜಾಲತಾಣವನ್ನು ಮಾಡಿಸಿಕೊಂಡಿದ್ದಲ್ಲಿ ಮಾತ್ರ ಇಲ್ಲಿಯ ವಿಷಯ ಅನ್ವಯಿಸುತ್ತದೆ. ಇಂತಹ ತಾಣಗಳು ವರ್ಡ್‌ಪ್ರೆಸ್‌ನಲ್ಲಿ ರಚಿತವಾಗಿರುವ ಸಂಭವ ಹೆಚ್ಚು. ಅರ್ಜಿ ನಮೂನೆ, ಛಾಯಾಚಿತ್ರ ಸಂಪುಟ, ಕಡತಗಳ ಅಪ್‌ಲೋಡ್ ಮೊದಲಾದ ಸೌಲಭ್ಯಗಳನ್ನು ಅದಕ್ಕೆ ಜೋಡಿಸುವ ಸಣ್ಣ ತಂತ್ರಾಂಶಗಳೇ ಪ್ಲಗಿನ್‌ಗಳು. ಅವುಗಳನ್ನು ಬರೆಯುವವರು ಬೇರೆ ಬೇರೆ. ಬರೆದವರ ಎಚ್ಚರಿಕೆಯ ಮಟ್ಟವೂ ಬೇರೆ ಬೇರೆ.

ಕಚೇರಿಗೆ ಬಂದ ಸಾರ್ವಜನಿಕರು ಸೂಚನಾ ಫಲಕವನ್ನು ಓದಬಹುದು. ಬೇಡಿಕೆ ವಹಿಯಲ್ಲಿ ಅಂಕಿಯನ್ನು ತಿದ್ದಲಾರರು. ಬಂದವರು ಯಾರು ಎಂಬುದು ಒಂದು ಪ್ರಶ್ನೆ, ಈ ಕೆಲಸವನ್ನು ಮಾಡುವ ಅಧಿಕಾರ ಅವರಿಗಿದೆಯೇ ಎಂಬುದು ಇನ್ನೊಂದು. ಜಾಲತಾಣದಲ್ಲಿ ಮೊದಲನೆಯದಕ್ಕೆ ಲಾಗಿನ್ ಉತ್ತರಿಸುತ್ತದೆ. ಎರಡನೆಯದನ್ನು ಪ್ರತಿಯೊಂದು ಕ್ರಿಯೆಯ ಸಂದರ್ಭದಲ್ಲಿಯೂ ಪ್ಲಗಿನ್ನೇ ಕೇಳಬೇಕು. ಕೇಳಲು ಮರೆತರೆ, ಪಾಸ್‌ವರ್ಡ್ ಎಷ್ಟೇ ಬಲವಾಗಿದ್ದರೂ ಪ್ರಯೋಜನವಿಲ್ಲ. ನಮ್ಮ ತರಬೇತಿಗಳಲ್ಲಿ ಪಾಸ್‌ವರ್ಡಿನ ಕುರಿತು ಹೇಳಿದಷ್ಟನ್ನು ಈ ಎರಡನೆಯ ಪ್ರಶ್ನೆಯ ಕುರಿತು ಹೇಳುವುದಿಲ್ಲ. ಜಾಲ ಭದ್ರತೆಯ ಕ್ಷೇತ್ರದಲ್ಲಿ ಮಾನ್ಯತೆ ಪಡೆದ ಓವಾಸ್ಪ್ ಸಂಸ್ಥೆಯ ಮೊದಲ ಹತ್ತು ಅಪಾಯಗಳ ಪಟ್ಟಿಯಲ್ಲಿ 2017ರಲ್ಲಿ ಐದನೆಯ ಸ್ಥಾನದಲ್ಲಿದ್ದ ಪ್ರವೇಶ ನಿಯಂತ್ರಣದ ದೋಷವು 2021ರಲ್ಲಿ ಮೊದಲನೆಯ ಸ್ಥಾನಕ್ಕೆ ಏರಿತು.

2018ರ ನವೆಂಬರ್ ತಿಂಗಳ ಒಂದು ಪ್ರಕರಣವು ಈ ದೋಷದ ಸ್ವರೂಪವನ್ನು ಚೆನ್ನಾಗಿ ತೋರಿಸುತ್ತದೆ. ಯುರೋಪಿನ ಖಾಸಗಿ ದತ್ತಾಂಶ ರಕ್ಷಣಾ ನಿಯಮಾವಳಿಯಾದ ಜಿಡಿಪಿಆರ್ ಅದೇ ವರ್ಷ ಮೇ 25ರಿಂದ ಜಾರಿಗೆ ಬಂದಿತ್ತು. ಅದರ ಪಾಲನೆಗೆ ನೆರವಾಗಲೆಂದು ರಚಿಸಿದ ಡಬ್ಲ್ಯುಪಿ ಜಿಡಿಪಿಆರ್ ಕಂಪ್ಲಯನ್ಸ್ ಎಂಬ ಪ್ಲಗಿನ್ ಒಂದು ಲಕ್ಷಕ್ಕೂ ಹೆಚ್ಚು ತಾಣಗಳಲ್ಲಿ ಅಳವಡಿಕೆಯಾಗಿತ್ತು. ದತ್ತಾಂಶವನ್ನು ಕಾಯಲು ಬಂದ ಈ ಪ್ಲಗಿನ್‌ನಲ್ಲಿ, ಸೆಟ್ಟಿಂಗ್ ಬದಲಿಸುವಂತೆ ಬಂದ ಕೋರಿಕೆಯನ್ನು ಕಳುಹಿಸಿದವರಿಗೆ ಆ ಅಧಿಕಾರವಿದೆಯೇ ಎಂದು ಪರಿಶೀಲಿಸುವ ಸಾಲೇ ಇರಲಿಲ್ಲ. ದಾಳಿಕೋರರು ಲಾಗಿನ್ ಇಲ್ಲದೆಯೇ ಎರಡು ಸೆಟ್ಟಿಂಗ್‌ಗಳನ್ನು ಬದಲಿಸಿದರು: ಯಾರು ಬೇಕಾದರೂ ನೋಂದಾಯಿಸಿಕೊಳ್ಳಬಹುದು, ಹೊಸದಾಗಿ ನೋಂದಾಯಿಸಿಕೊಂಡವರೆಲ್ಲರೂ ಅಡ್ಮಿನಿಸ್ಟ್ರೇಟರ್ ಆಗುತ್ತಾರೆ. ನಂತರ ಸಾಮಾನ್ಯ ಬಳಕೆದಾರರಂತೆ ನೋಂದಾಯಿಸಿಕೊಂಡು ಇಡೀ ತಾಣದ ಒಡೆತನವನ್ನು ಪಡೆದರು. ಒಳಗೆ ಬಂದ ಮೇಲೆ ನೋಂದಣಿಯನ್ನು ಮತ್ತೆ ಮುಚ್ಚಿದ ನಿದರ್ಶನಗಳೂ ಇವೆ. ಸೆಟ್ಟಿಂಗ್ ಪುಟವನ್ನಷ್ಟೇ ನೋಡಿದವರಿಗೆ ಎಲ್ಲವೂ ಯಥಾಸ್ಥಿತಿಯಲ್ಲಿದ್ದಂತೆ ಕಾಣುತ್ತಿತ್ತು. 1.4.3ನೇ ಆವೃತ್ತಿಯಲ್ಲಿ ಲೋಪವನ್ನು ಸರಿಪಡಿಸಲಾಯಿತು.

ಇಂತಹ ಮರೆವಿಗೆ ಹೆಸರುಗಳು ಹುಟ್ಟಿಸುವ ಭ್ರಮೆಯೂ ಒಂದು ಕಾರಣ. ವರ್ಡ್‌ಪ್ರೆಸ್‌ನಲ್ಲಿ ‘ಈಸ್ ಅಡ್ಮಿನ್’ ಎಂಬ ಫಂಕ್ಷನ್ ಇದೆ. ಹೆಸರು ಕೇಳಿದರೆ ‘ಇವರು ಅಡ್ಮಿನಿಸ್ಟ್ರೇಟರೇ?’ ಎಂದು ಅದು ವಿಚಾರಿಸುತ್ತದೆ ಎನಿಸುವುದು ಸಹಜ. ವಾಸ್ತವವಾಗಿ, ಬಂದ ಕೋರಿಕೆಯು ಆಡಳಿತ ವಿಭಾಗದ ವಿಳಾಸಕ್ಕೆ ಬಂದಿದೆಯೇ ಎಂಬುದನ್ನಷ್ಟೇ ಅದು ತಿಳಿಸುತ್ತದೆ. ಆ ವಿಭಾಗದ ಕೆಲವು ವಿಳಾಸಗಳಿಗೆ ಲಾಗಿನ್ ಇಲ್ಲದವರೂ ಕೋರಿಕೆ ಕಳುಹಿಸಬಲ್ಲರು. ಕಾರ್ಯಾಲಯದ ಕೊಠಡಿಯೊಳಗೆ ನಿಂತವರೆಲ್ಲರೂ ಕಾರ್ಯನಿರ್ವಾಹಕ ಅಧಿಕಾರಿಗಳು ಎಂದು ಭಾವಿಸಿದಂತೆ ಇದು. ಅಧಿಕಾರವನ್ನು ಕೇಳುವ ಸರಿಯಾದ ಫಂಕ್ಷನ್ ‘ಕರೆಂಟ್ ಯೂಸರ್ ಕ್ಯಾನ್’. ಕೋರಿಕೆಯೊಡನೆ ಬರುವ ‘ನಾನ್ಸ್’ ಎಂಬ ಸಂಕೇತವೂ ಇದಕ್ಕೆ ಪರ್ಯಾಯವಲ್ಲವೆಂದು ವರ್ಡ್‌ಪ್ರೆಸ್‌ನ ಕೈಪಿಡಿಯೇ ಹೇಳುತ್ತದೆ. ಮೆನುವಿನಿಂದ ಬಟನ್ ಮರೆಮಾಡುವುದಂತೂ ರಕ್ಷಣೆಯೇ ಅಲ್ಲ. ಬಟನ್ ಇಲ್ಲದಿದ್ದರೂ ಕೋರಿಕೆಯನ್ನು ನೇರವಾಗಿ ಸರ್ವರ್‌ಗೆ ಕಳುಹಿಸಬಹುದು.

2020ರ ಸೆಪ್ಟೆಂಬರ್‌ನಲ್ಲಿ ಬೆಳಕಿಗೆ ಬಂದ ಫೈಲ್ ಮ್ಯಾನೇಜರ್ ಪ್ಲಗಿನ್‌ನ ಪ್ರಕರಣ ಇನ್ನೂ ಸರಳ. ಪರೀಕ್ಷೆಗೆಂದು ಇದ್ದ ಮಾದರಿ ಕಡತವೊಂದು ಚಾಲನೆಗೊಳ್ಳುವ ಹೆಸರಿನಲ್ಲಿ ಪ್ಲಗಿನ್‌ನೊಳಗೆ ಉಳಿದುಹೋಗಿತ್ತು. ಅದರ ಮೂಲಕ ಯಾರು ಬೇಕಾದರೂ ತಮ್ಮ ಕಡತವನ್ನು ಸರ್ವರ್‌ಗೆ ಸೇರಿಸಿ ಚಾಲನೆಗೊಳಿಸಬಹುದಾಗಿತ್ತು. ಏಳು ಲಕ್ಷಕ್ಕೂ ಹೆಚ್ಚು ತಾಣಗಳಲ್ಲಿ ಈ ಪ್ಲಗಿನ್ ಇತ್ತು. ಸೆಪ್ಟೆಂಬರ್ 1ರಂದು ಬಿಡುಗಡೆಯಾದ 6.9ನೇ ಆವೃತ್ತಿಯು ಆ ದಾರಿಯನ್ನು ಮುಚ್ಚಿತು.

ಈ ಪ್ರಕರಣದಿಂದ ನಮಗೆ ನೇರವಾಗಿ ಸಂಬಂಧಿಸಿದ ಒಂದು ಅಂಶವಿದೆ. ಬಳಸದ ಪ್ಲಗಿನ್ ಅನ್ನು ನಿಷ್ಕ್ರಿಯಗೊಳಿಸಿದ ಮಾತ್ರಕ್ಕೆ ಅದರ ಕಡತಗಳು ಸರ್ವರ್‌ನಿಂದ ಹೋಗುವುದಿಲ್ಲ. ಆದ್ದರಿಂದ ಅದನ್ನು ಅಳಿಸಿಯೇ ಹಾಕತಕ್ಕದ್ದು. ಉಳಿದವುಗಳಿಗೆ ಸ್ವಯಂ ಪರಿಷ್ಕರಣೆಯನ್ನು ಚಾಲನೆಯಲ್ಲಿಡಬೇಕು. 2020ರ ಆಗಸ್ಟ್‌ನಲ್ಲಿ ಬಂದ ವರ್ಡ್‌ಪ್ರೆಸ್ 5.5ರಿಂದ ಈ ಸೌಲಭ್ಯವು ಪ್ಲಗಿನ್ ಪುಟದಲ್ಲಿಯೇ ದೊರೆಯುತ್ತದೆ. ಜಾಲತಾಣ ಮಾಡಿಕೊಟ್ಟವರೊಡನೆ ಮಾಡಿಕೊಳ್ಳುವ ಕರಾರಿನಲ್ಲಿ ರಚನೆಯ ವೆಚ್ಚ ಮಾತ್ರವಿದ್ದು ನಿರ್ವಹಣೆಯ ಮಾತೇ ಇಲ್ಲದಿದ್ದರೆ, ಪರಿಷ್ಕರಣೆ ಯಾರ ಹೊಣೆಯೂ ಆಗುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ತಾಂತ್ರಿಕ ದೋಷಕ್ಕಿಂತ ಇದೇ ದೊಡ್ಡ ತೊಡಕು. ಇಂತಹ ತಾಣದಲ್ಲಿ ಫಲಾನುಭವಿಗಳ ಆಧಾರ್ ಪ್ರತಿ, ಪಡಿತರ ಚೀಟಿ, ಬ್ಯಾಂಕ್ ಪಾಸ್‌ಬುಕ್‌ಗಳನ್ನು ಅಪ್‌ಲೋಡ್ ಮಾಡಿಸಿಕೊಳ್ಳದಿರುವುದು ಲೇಸು. ಸೋರಿಕೆಯಾದ ಪ್ರತಿಗಳನ್ನು ಹಿಂಪಡೆಯುವ ಮಾರ್ಗವಿಲ್ಲ, ನಷ್ಟವನ್ನು ಅನುಭವಿಸುವವರು ಆ ಅರ್ಜಿದಾರರು.

ಬಳಕೆದಾರರ ಪಟ್ಟಿಯನ್ನು ತಿಂಗಳಿಗೊಮ್ಮೆ ತೆರೆದು ಅಡ್ಮಿನಿಸ್ಟ್ರೇಟರ್‌ಗಳ ಹೆಸರನ್ನು ನೋಡುವ ಕೆಲಸಕ್ಕೆ ಐದು ನಿಮಿಷ ಸಾಕು. ಪರಿಚಯವಿಲ್ಲದ ಹೆಸರು ಕಂಡುಬಂದಲ್ಲಿ ಗಾಬರಿಯಿಂದ ಎಲ್ಲವನ್ನೂ ಅಳಿಸಬಾರದು. ಸರ್ವರ್‌ನ ಲಾಗ್‌ಗಳನ್ನು ಮೊದಲು ಉಳಿಸಿಕೊಳ್ಳಬೇಕು. ಸಿಇಆರ್‌ಟಿ-ಇನ್ ಸಂಸ್ಥೆಯು 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ, ಇಂತಹ ಘಟನೆ ಗಮನಕ್ಕೆ ಬಂದ 6 ಗಂಟೆಗಳೊಳಗೆ ಅದಕ್ಕೆ ವರದಿ ಮಾಡತಕ್ಕದ್ದು ಹಾಗೂ ಲಾಗ್‌ಗಳನ್ನು 180 ದಿನಗಳವರೆಗೆ ಕಾಯ್ದಿರಿಸತಕ್ಕದ್ದು.