ಗಣಕಯಂತ್ರವು ತಾರೀಖನ್ನು ಬರೆಯುವ ಬಗೆ

ಕುಣಿಗಲ್ ತಾಲ್ಲೂಕಿನ ಕೊತ್ತಗೆರೆಯ ಕಡೆಯಿಂದ ನಮ್ಮ ಕಾಲೇಜಿಗೆ ಬರುವ ವಿದ್ಯಾರ್ಥಿನಿಯೊಬ್ಬಳು ಒಂದು ದಿನ ಎರಡು ಕಾಗದಗಳನ್ನು ಹಿಡಿದು ನಮ್ಮ ಬಳಿಗೆ ಬಂದಳು. ಶಾಲೆಯ ವರ್ಗಾವಣೆ ಪತ್ರದಲ್ಲಿ ಆಕೆಯ ಜನ್ಮದಿನಾಂಕ 05-08-2008 ಎಂದಿತ್ತು. ವಿದ್ಯಾರ್ಥಿವೇತನದ ಪಟ್ಟಿಯಲ್ಲಿ 08-05-2008 ಎಂದು ಅಚ್ಚಾಗಿತ್ತು. ಆಗಸ್ಟಿನಲ್ಲಿ ಹುಟ್ಟಿದವಳು ಮೇ ತಿಂಗಳಿನಲ್ಲಿ ಹುಟ್ಟಿದಂತಾಗಿ, ದಾಖಲೆಗಳು ಹೊಂದುವುದಿಲ್ಲವೆಂಬ ಷರಾದೊಡನೆ ಅರ್ಜಿ ಹಿಂದಿರುಗಿತ್ತು. "ನಾನು ಸರಿಯಾಗಿಯೇ ಬರೆದುಕೊಟ್ಟೆ, ಸಾರ್. ಅಂಕಿಗಳನ್ನು ಅದಲುಬದಲು ಮಾಡಿದವರು ಯಾರು?" ಎಂದು ಆಕೆ ಕೇಳಿದಳು. ಪ್ರಶ್ನೆ ಚಿಕ್ಕದು, ಆದರೆ ಅದಕ್ಕೆ ಉತ್ತರ ಕೊಡಬೇಕಾದರೆ, ಗಣಕಯಂತ್ರವು ತಾರೀಖನ್ನು ಹೇಗೆ ಅರಿಯುತ್ತದೆ, ಹೇಗೆ ಬರೆಯುತ್ತದೆ ಎಂಬುದನ್ನು ತಿಳಿಯಬೇಕಾಗುತ್ತದೆ.

ಯಂತ್ರಕ್ಕೆ ಸೋಮವಾರವೂ ತಿಳಿಯದು, ಆಗಸ್ಟೂ ತಿಳಿಯದು. ಅದು ಬಲ್ಲುದು ಎಣಿಕೆಯೊಂದನ್ನೇ. ಅನೇಕ ಗಣಕಗಳು 1970ರ ಜನವರಿ 1ರ ಆರಂಭದಿಂದ, ಯುಟಿಸಿ ಎಂಬ ವಿಶ್ವ ಕಾಲಮಾನದಂತೆ, ಎಷ್ಟು ಸೆಕೆಂಡುಗಳು ಕಳೆದಿವೆ ಎಂದು ಲೆಕ್ಕವಿಡುತ್ತವೆ. ಉದಾಹರಣೆಗೆ 170,40,47,400 ಎಂಬ ಸಂಖ್ಯೆಯನ್ನು ತೆಗೆದುಕೊಳ್ಳೋಣ. ಭಾರತೀಯ ಕಾಲಮಾನವು ವಿಶ್ವ ಕಾಲಮಾನಕ್ಕಿಂತ ಐದೂವರೆ ಗಂಟೆ, ಎಂದರೆ 19,800 ಸೆಕೆಂಡು, ಮುಂದಿದೆ. ಆದುದರಿಂದ ಈ ಸಂಖ್ಯೆಯನ್ನು ಭಾರತದ ಲೆಕ್ಕದಲ್ಲಿ ಬರೆದರೆ 2024ರ ಜನವರಿ 1ರ ಮೊದಲ ಕ್ಷಣವಾಗುತ್ತದೆ. ವಿಶ್ವ ಕಾಲಮಾನದಲ್ಲಿ ಬರೆದರೆ 2023ರ ಡಿಸೆಂಬರ್ 31, ಸಂಜೆ ಆರೂವರೆ ಗಂಟೆಯಾಗುತ್ತದೆ. ಕ್ಷಣ ಒಂದೇ, ದಿನ, ತಿಂಗಳು, ವರ್ಷ ಮೂರೂ ಬೇರೆ! ತಾರೀಖೆಂಬುದು ಆ ಸಂಖ್ಯೆಗೆ ನಾವು ತೊಡಿಸುವ ಉಡುಪು ಮಾತ್ರ.

ಈ ಉಡುಪನ್ನು ಹೊಲಿಯಲು ಅನೇಕ ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಸಾಧನಗಳುಂಟು. ಸಿ ಭಾಷೆಯಲ್ಲಿಯೂ ಪೈಥಾನ್ ಭಾಷೆಯಲ್ಲಿಯೂ ಈ ಕೆಲಸಕ್ಕೆ 'ಸ್ಟ್ರ್‌ಎಫ್‌ಟೈಮ್' ಎಂಬ ಒಂದೇ ಹೆಸರು. ಅದಕ್ಕೆ ಒಂದು ನಮೂನೆಯನ್ನು ಕೊಡಬೇಕು. ಶೇಕಡಾ ಚಿಹ್ನೆಯ ಮುಂದೆ ಇಂಗ್ಲಿಷಿನ ಚಿಕ್ಕ 'ಡಿ' ಬರೆದರೆ ದಿನ, ಚಿಕ್ಕ 'ಎಂ' ಬರೆದರೆ ತಿಂಗಳು, ದೊಡ್ಡ 'ವೈ' ಬರೆದರೆ ನಾಲ್ಕಂಕಿಯ ವರ್ಷ ದೊರೆಯುತ್ತದೆ. ಆದರೆ ದೊಡ್ಡ 'ಎಂ' ಬರೆದರೆ ದೊರೆಯುವುದು ತಿಂಗಳಲ್ಲ, ನಿಮಿಷ! ಹತ್ತು ಗಂಟೆ ನಲವತ್ತೇಳು ನಿಮಿಷದಲ್ಲಿ ಈ ತಪ್ಪಾದರೆ 47ನೆಯ ತಿಂಗಳು ಕಾಣಿಸಿಕೊಂಡು ನಗೆ ತರಿಸುತ್ತದೆ. ಹತ್ತು ಗಂಟೆ ಎಂಟು ನಿಮಿಷದಲ್ಲಾದರೆ ಅದು ಆಗಸ್ಟ್ ತಿಂಗಳಿನ ವೇಷದಲ್ಲಿ ನುಸುಳಿಹೋಗುತ್ತದೆ. ಯಂತ್ರವು ಆಕ್ಷೇಪಿಸುವುದಿಲ್ಲ, ಕೇಳಿದ್ದನ್ನು ಕೊಟ್ಟಿದೆಯಷ್ಟೆ.

ಈಗ ಆ ವಿದ್ಯಾರ್ಥಿನಿಯ ಪ್ರಶ್ನೆಗೆ ಬರೋಣ. ಅಮೆರಿಕದ ರೂಢಿಯಲ್ಲಿ ತಿಂಗಳು ಮೊದಲು, ದಿನ ಅನಂತರ. ನಾವು ಚಿಕ್ಕದೊಂದು ಪ್ರೋಗ್ರಾಮ್ ಬರೆದು, 05-08-2008 ಎಂಬುದನ್ನು ಅಮೆರಿಕದ ರೂಢಿಯಂತೆ ಓದಿಸಿ, ಭಾರತದ ರೂಢಿಯಂತೆ ಬರೆಯಿಸಿದೆವು. 08-05-2008 ಎಂದು ಬಂದಿತು! ಓದಿದ್ದೂ ನಿಯಮಬದ್ಧ, ಬರೆದದ್ದೂ ನಿಯಮಬದ್ಧ. ಎರಡು ನಿಯಮಗಳು ಬೇರೆಯಾದುದೇ ದೋಷ. ಆಕೆ 25ರಂದು ಹುಟ್ಟಿದ್ದರೆ ಈ ತೊಂದರೆ ಹೀಗೆ ಅಡಗಿಕೊಳ್ಳುತ್ತಿರಲಿಲ್ಲ. ಇಪ್ಪತ್ತೈದನೆಯ ತಿಂಗಳೆಂಬುದು ಇಲ್ಲ. ದಿನ, ತಿಂಗಳು ಎರಡೂ 12ನ್ನು ಮೀರದ ತಾರೀಖುಗಳು ವರ್ಷಕ್ಕೆ 12 × 12 = 144. ಅವುಗಳಲ್ಲಿ 1-1, 2-2 ಮುಂತಾದ 12 ತಾರೀಖುಗಳು ತಿರುಗಿಸಿದರೂ ಬದಲಾಗವು. ಉಳಿದ 132 ದಿನಗಳಲ್ಲಿ ಹುಟ್ಟಿದವರೆಲ್ಲರೂ ಈ ಅಪಾಯಕ್ಕೆ ಗುರಿಯಾಗಬಹುದು. ವಾಚಕರು ತಮ್ಮ ಜನ್ಮದಿನಾಂಕವನ್ನು ಒಮ್ಮೆ ಪರೀಕ್ಷಿಸಿ ನೋಡಲಿ.

ಇದಕ್ಕೆ ಪರಿಹಾರವುಂಟು. 1988ರಲ್ಲಿ ಪ್ರಕಟವಾದ ಐಎಸ್‌ಒ 8601 ಎಂಬ ಅಂತರರಾಷ್ಟ್ರೀಯ ಮಾನಕವು ವರ್ಷ, ತಿಂಗಳು, ದಿನ ಎಂಬ ಕ್ರಮವನ್ನು ವಿಧಿಸುತ್ತದೆ: 2008-08-05. ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುವ ಈ ಬರವಣಿಗೆಯಲ್ಲಿ ಇನ್ನೊಂದು ಗುಣವೂ ಇದೆ. ಇಂತಹ ತಾರೀಖುಗಳನ್ನು ನಿಘಂಟಿನ ಪದಗಳಂತೆ ಅನುಕ್ರಮವಾಗಿ ಜೋಡಿಸಿದರೆ ಅವು ಕಾಲಾನುಕ್ರಮದಲ್ಲಿಯೇ ನಿಲ್ಲುತ್ತವೆ. ಯಂತ್ರ ಯಂತ್ರಗಳ ನಡುವಣ ವ್ಯವಹಾರಕ್ಕೆ ಇದು ತಕ್ಕುದು. ಮನುಷ್ಯರಿಗಾದರೋ ತಿಂಗಳ ಹೆಸರನ್ನೇ ಬರೆಯುವುದು ಲೇಸು. ಯೂನಿಕೋಡ್ ಸಂಸ್ಥೆಯು ಪ್ರಪಂಚದ ನಾನಾ ಭಾಷೆಗಳಿಗಾಗಿ ಸಂಗ್ರಹಿಸಿರುವ ಮಾಹಿತಿಯಲ್ಲಿ ಕನ್ನಡದ ವಾರಗಳ, ತಿಂಗಳುಗಳ ಹೆಸರುಗಳೂ ಇವೆ. ೦ಯಿಂದ ೯ರವರೆಗಿನ ನಮ್ಮ ಅಂಕಿಗಳೂ ಇವೆ. 1957ರ ಮಾರ್ಚ್ 22ರಿಂದ ಜಾರಿಗೆ ಬಂದ ರಾಷ್ಟ್ರೀಯ ಶಕ ಪಂಚಾಂಗದಲ್ಲಿ ಬರೆಯಿಸುವುದೂ ಸಾಧ್ಯ. ನಾವು ಮೇಲೆ ಹೇಳಿದ 2024ರ ಜನವರಿ 1 ಆಗ 1945ರ ಪುಷ್ಯ 11 ಆಗುತ್ತದೆ. ಒಳಗಿನ ಸಂಖ್ಯೆ ಮಾತ್ರ ಕದಲದು.

ತಾರೀಖನ್ನು ಸಂದೇಹಕ್ಕೆಡೆಯಿಲ್ಲದಂತೆ ಬರೆಯುವ ಎಚ್ಚರಿಕೆ ನಮ್ಮ ನಾಡಿಗೆ ಹೊಸದಲ್ಲ. ಬಿ. ಎಲ್. ರೈಸ್ ಅವರು ಸಂಪಾದಿಸಿದ 'ಎಪಿಗ್ರಾಫಿಯಾ ಕರ್ನಾಟಿಕಾ'ದ 12ನೆಯ ಸಂಪುಟದಲ್ಲಿ ಕುಣಿಗಲ್, ಗುಬ್ಬಿಗಳೂ ಸೇರಿದಂತೆ ತುಮಕೂರು ಜಿಲ್ಲೆಯ ಶಾಸನಗಳಿವೆ. ನಮ್ಮ ಶಾಸನಗಳಲ್ಲಿ ಎಷ್ಟೋ ಕಡೆ ಶಕವರ್ಷವೊಂದನ್ನೇ ಹೇಳಿ ಬಿಡುವುದಿಲ್ಲ. ಅರುವತ್ತರ ಚಕ್ರದ ಸಂವತ್ಸರ, ಮಾಸ, ಪಕ್ಷ, ತಿಥಿ, ವಾರಗಳನ್ನೂ ಕೆತ್ತಿರುತ್ತಾರೆ. ಕಲ್ಲು ಸವೆದು ಒಂದು ಅಂಕಿ ಅಳಿಸಿದರೂ ಉಳಿದವು ಸಾಕ್ಷಿ ನುಡಿಯುತ್ತವೆ. ಒಂದು ತಪ್ಪಿದ್ದರೆ ಇನ್ನೊಂದು ಅದನ್ನು ಬಯಲಿಗೆಳೆಯುತ್ತದೆ.

ಅದೇ ಉಪಾಯವನ್ನು ನಾವು ಆ ವಿದ್ಯಾರ್ಥಿನಿಗೆ ಹೇಳಿಕೊಟ್ಟೆವು. 2008ರ ಆಗಸ್ಟ್ 5 ಮಂಗಳವಾರ. ಮೇ 8 ಗುರುವಾರ. ತಿದ್ದುಪಡಿಯ ಅರ್ಜಿಯಲ್ಲಿ ಆಕೆ "5 ಆಗಸ್ಟ್ 2008, ಮಂಗಳವಾರ" ಎಂದು ಅಕ್ಷರಗಳಲ್ಲಿ ಬರೆದು, ವರ್ಗಾವಣೆ ಪತ್ರದ ಪ್ರತಿಯನ್ನು ಲಗತ್ತಿಸಿ ಕಳುಹಿಸಿದಳು. ಈ ಬಾರಿ ಅದನ್ನು ಓದಿದವರು ಎಡವಲಿಲ್ಲ.