ಹತ್ತು ಮಂದಿ, ಒಂದು ದ್ವೀಪ: ಪುಸ್ತಕದಲ್ಲೊಂದು ಅಂತ್ಯ, ಪರದೆಯ ಮೇಲೆ ಇನ್ನೊಂದು

ರಾತ್ರಿ ಹೋಟೆಲಿನ ಬಾಗಿಲು ಹಾಕಿ, ಗಲ್ಲೆಯ ಲೆಕ್ಕ ಮುಗಿಸಿ, ಚಾಪೆ ಬಿಡಿಸುವ ಹೊತ್ತಿಗೆ ಒಳ್ಳೆಯದೊಂದು ಕೊಲೆಯ ಕಥೆ ಕೈಗೆ ಸಿಕ್ಕರೆ ನಿದ್ರೆಯ ಪಾಡೇನಾಗುವುದೆಂಬುದನ್ನು ನಾಸಿಕ ಹಾಗೂ ಛತ್ರಪತಿ ಸಂಭಾಜಿನಗರದ ನಮ್ಮ ವಾಚಕ ಬಂಧುಗಳಿಗೆ ನಾವು ವಿವರಿಸಬೇಕಾಗಿಲ್ಲ. ಒಂದು ಕಾಲದಲ್ಲಿ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳು ತಣಿಸುತ್ತಿದ್ದ ಕುತೂಹಲವನ್ನು ಇಂದು ಮೊಬೈಲಿನ ಪರದೆ ತಣಿಸುತ್ತಿದೆ. ಹೀಗಿರುವಾಗ, ಪುಸ್ತಕದಿಂದ ಪರದೆಗೆ ಬರುವ ಕಥೆಯು ದಾರಿಯಲ್ಲಿ ಏನನ್ನು ಗಳಿಸುತ್ತದೆ, ಏನನ್ನು ಕಳೆದುಕೊಳ್ಳುತ್ತದೆ ಎಂದು ವಿಚಾರಿಸುವುದು ಅಪ್ರಸ್ತುತವಾಗಲಾರದು.

ಈ ವಿಚಾರಕ್ಕೆ ಅಗಾಥಾ ಕ್ರಿಸ್ಟಿಯವರ 'ಅಂಡ್ ದೆನ್ ದೇರ್ ವರ್ ನನ್' ಕಾದಂಬರಿಗಿಂತ ತಕ್ಕ ಉದಾಹರಣೆ ದೊರೆಯದು. 1939ರಲ್ಲಿ ಇಂಗ್ಲೆಂಡಿನಲ್ಲಿ ಪ್ರಕಟವಾದ ಈ ಕೃತಿಯ ಹತ್ತು ಕೋಟಿಗೂ ಮಿಕ್ಕಿ ಪ್ರತಿಗಳು ಜಗತ್ತಿನಾದ್ಯಂತ ಮಾರಾಟವಾಗಿವೆ. ಕಥೆ ಸರಳ. ಡೆವನ್ ಕರಾವಳಿಯಾಚೆಯ ಒಂದು ದ್ವೀಪದ ಬಂಗಲೆಯಲ್ಲಿ ಹತ್ತು ಮಂದಿ ಸೇರುತ್ತಾರೆ. ಕರೆಸಿಕೊಂಡ ಯಜಮಾನನ ಸುಳಿವಿಲ್ಲ. ರಾತ್ರಿಯೂಟದ ಬಳಿಕ ಗ್ರಾಮೊಫೋನಿನಿಂದ ಹೊರಟ ಧ್ವನಿಯೊಂದು ಪ್ರತಿಯೊಬ್ಬರ ಮೇಲೂ ಒಂದೊಂದು ಸಾವಿನ ಹೊಣೆಯನ್ನು ಹೊರಿಸುತ್ತದೆ. ಅವು ಕಾನೂನಿನ ಕೈಗೆ ಸಿಕ್ಕದ ಅಪರಾಧಗಳು. ಆಮೇಲೆ ಒಂದು ಶಿಶುಪದ್ಯದ ಕ್ರಮದಲ್ಲಿ ಒಬ್ಬೊಬ್ಬರೇ ಸಾಯುತ್ತಾರೆ. ಒಂದೊಂದು ಸಾವಿಗೆ ಮೇಜಿನ ಮೇಲಿನ ಹತ್ತು ಗೊಂಬೆಗಳಲ್ಲಿ ಒಂದೊಂದು ಮಾಯವಾಗುತ್ತದೆ.

ಈ ಹತ್ತು ಮಂದಿಯಲ್ಲಿ ಎಂಟು ಮಂದಿ ಅತಿಥಿಗಳು; ಉಳಿದಿಬ್ಬರು ದುಡಿಯಲು ಬಂದವರು, ಬಡಿಸುವ ರಾಜರ್ಸ್ ಮತ್ತು ಅಡುಗೆ ಮಾಡುವ ಅವನ ಹೆಂಡತಿ. ನಮ್ಮ ವಾಚಕರು ಇವರಿಬ್ಬರನ್ನು ವಿಶೇಷವಾಗಿ ಗಮನಿಸಬೇಕು. ಅವರು ತಮ್ಮ ಧಣಿಯನ್ನು ಕಂಡೇ ಇಲ್ಲ. ನೌಕರಿ ಗೊತ್ತಾದದ್ದು ಮಧ್ಯಸ್ಥರ ಮೂಲಕ. ಅಪ್ಪಣೆಗಳೆಲ್ಲ ಬಂದುದು ಕಾಗದದಲ್ಲಿ. ಆ ಗ್ರಾಮೊಫೋನ್ ತಟ್ಟೆಯನ್ನು ಹಾಕಿದವನೂ ರಾಜರ್ಸನೇ. ಅದು ಸಂಗೀತವೆಂದೇ ಅವನು ಭಾವಿಸಿದ್ದನು. ಹೆಂಡತಿ ಸತ್ತ ಮರುಬೆಳಗೂ ಆತನು ಎಂದಿನಂತೆ ತಿಂಡಿ ಬಡಿಸುತ್ತಾನೆ. ಅದರ ಮರುದಿನ ಬೆಳಗಿನ ಒಲೆಗೆ ಸೌದೆ ಸೀಳುವಲ್ಲಿ ಅವನೂ ಹತನಾಗುತ್ತಾನೆ. ಹಾಗೆಂದು ಲೇಖಕಿ ಅವರನ್ನು ಬಡಪಾಯಿಗಳೆಂದು ಬಿಟ್ಟುಕೊಡುವುದಿಲ್ಲ. ಹಿಂದಿನ ಒಡತಿಗೆ ವೇಳೆಗೆ ಔಷಧ ಕೊಡದೆ ಸಾಯಲು ಬಿಟ್ಟ ಪಾಪ ಅವರ ಬೆನ್ನ ಮೇಲಿದೆ. ನ್ಯಾಯಾಧೀಶ, ದಂಡನಾಯಕ, ವೈದ್ಯ, ಬಾಣಸಗಿತ್ತಿ, ಎಲ್ಲರಿಗೂ ಒಂದೇ ತಕ್ಕಡಿ!

ಕಾದಂಬರಿಯ ಕೊನೆಯಲ್ಲಿ ಹತ್ತೂ ಮಂದಿ ಅಳಿಯುತ್ತಾರೆ. ನಿಜ ಹೊರಬೀಳುವುದು ಕಡಲಿನಲ್ಲಿ ತೇಲಿಬಂದ ಸೀಸೆಯೊಳಗಿನ ಪತ್ರದಿಂದ. ಕೊಲೆಗಾರನ ಹೆಸರನ್ನು ಹೇಳಿ ವಾಚಕರ ಶಾಪಕ್ಕೆ ನಾವು ಗುರಿಯಾಗೆವು. ಆದರೆ ಇದೇ ಕಥೆಯನ್ನು 1943ರಲ್ಲಿ ನಾಟಕವಾಗಿಸಿದಾಗ ಸ್ವತಃ ಕ್ರಿಸ್ಟಿಯವರೇ ಅಂತ್ಯವನ್ನು ತಿದ್ದಿದರು. ರಂಗದ ಮೇಲೆ ಎಲ್ಲರೂ ಸತ್ತರೆ ಕಥೆ ಹೇಳುವವರು ಯಾರು? ಆದ್ದರಿಂದ ಒಬ್ಬ ತರುಣನೂ ಒಬ್ಬ ತರುಣಿಯೂ ನಿರಪರಾಧಿಗಳಾಗಿ ಬದುಕಿಕೊಂಡರು.

ಚಿತ್ರಗಳು ಹಿಡಿದದ್ದು ಬಹುಮಟ್ಟಿಗೆ ನಾಟಕದ ದಾರಿಯನ್ನೇ. 1945ರಲ್ಲಿ ರೆನೆ ಕ್ಲೇರ್ ತೆಗೆದ ಚಿತ್ರದಲ್ಲಿ ಜೋಡಿ ಉಳಿಯಿತು. 1965ರ ಚಿತ್ರ ದ್ವೀಪವನ್ನು ಬಿಟ್ಟು ಹಿಮದ ಬೆಟ್ಟವನ್ನೇರಿತು; 1974ರದು ಇರಾನಿನ ಮರುಭೂಮಿಯ ನಡುವಣ ಹೋಟೆಲೊಂದನ್ನು ಸೇರಿತು. ಸ್ಥಳ ಬದಲಾದರೂ ಜೋಡಿ ಬದುಕುವ ಪದ್ಧತಿ ಬದಲಾಗಲಿಲ್ಲ. 1987ರಲ್ಲಿ ಸೋವಿಯತ್ ನಿರ್ದೇಶಕ ಸ್ತಾನಿಸ್ಲಾವ್ ಗೊವೊರೂಖಿನ್ ಕಾದಂಬರಿಯ ಕಠೋರ ಅಂತ್ಯವನ್ನು ಹಾಗೆಯೇ ಉಳಿಸಿದರು.

ನಮ್ಮ ದೇಶದಲ್ಲಿ ಈ ಕಥೆಯ ಎಳೆ ಹಿಡಿದು 1965ರಲ್ಲಿ ಬಂದುದು ರಾಜಾ ನವಾಥೆ ನಿರ್ದೇಶಿಸಿದ 'ಗುಮ್ನಾಮ್'. ಮನೋಜ್ ಕುಮಾರ್, ನಂದಾ, ಪ್ರಾಣ್, ಹೆಲೆನ್ ಅಭಿನಯ, ಶಂಕರ್-ಜೈಕಿಶನ್ ಸಂಗೀತ. ಇಲ್ಲಿ ಜನರನ್ನು ಸೆಳೆಯುವುದು ವಿದೇಶ ಪ್ರವಾಸದ ಬಹುಮಾನ. ಬಂಗಲೆಯ ಬಟ್ಲರನಾಗಿ ಮೆಹಮೂದ್ ಹೈದರಾಬಾದಿನ ದಖನಿ ಮಾತಿನಲ್ಲಿ ಜನರನ್ನು ನಗಿಸುತ್ತಾರೆ. ಸಂಭಾಜಿನಗರದ ಶಾಗಂಜಿನಲ್ಲಿ ಸಾಮಾನು ಕೊಳ್ಳುವ ನಮ್ಮವರಿಗೆ ಆ ಮಾತು ಹೊಸತಲ್ಲ. ಆ ಊರೂ, ನಮ್ಮ ಬೀದರ್, ಕಲಬುರಗಿ, ರಾಯಚೂರುಗಳೂ ಒಮ್ಮೆ ಒಂದೇ ನಿಜಾಮ ಸಂಸ್ಥಾನದಲ್ಲಿದ್ದುವು. ನಗೆಯೇನೋ ಸೊಗಸಾದುದೇ. ಆದರೆ ಪುಸ್ತಕದಲ್ಲಿ ಆರೋಪಿಗಳ ಸಾಲಿನಲ್ಲಿ ನಿಂತಿದ್ದ ಸೇವಕ ಇಲ್ಲಿ ವಿನೋದದ ವಸ್ತುವಾದನು. ಅವನ ಅಂತಃಕರಣವನ್ನು ಯಾರೂ ವಿಚಾರಿಸುವುದಿಲ್ಲ.

ಸರಿಯಾಗಿ ಐವತ್ತು ವರ್ಷಗಳ ಮೇಲೆ, 2015ರಲ್ಲಿ, ಇದೇ ಎಳೆ ಕನ್ನಡಕ್ಕೂ ಬಂದಿತು. ಕೆ. ಎಂ. ಚೈತನ್ಯರ 'ಆಟಗಾರ'ದಲ್ಲಿ ಚಿರಂಜೀವಿ ಸರ್ಜಾ ಮೊದಲಾದವರು ದ್ವೀಪಕ್ಕೆ ಹೋಗುವುದು ದೂರದರ್ಶನದ ರಿಯಾಲಿಟಿ ಆಟಕ್ಕೆಂದು. ಅದೇ ವರ್ಷದ ಡಿಸೆಂಬರಿನಲ್ಲಿ ಬಿ.ಬಿ.ಸಿ. ಮೂರು ಕಂತುಗಳಲ್ಲಿ ಕಥೆಯನ್ನು ಮೂಲದ ಕರಾಳ ಅಂತ್ಯದೊಡನೆ ತೋರಿಸಿತು.

ಕಾಲಕ್ಕೆ ತಕ್ಕಂತೆ ಗಾಳದ ಹುಳು ಬದಲಾದುದನ್ನು ನೋಡಿರಿ: ಆಗ ನೌಕರಿಯ ಕಾಗದ, ಬಳಿಕ ಪ್ರವಾಸದ ಬಹುಮಾನ, ಈಗ ದೂರದರ್ಶನದ ಕೀರ್ತಿ. ಆದರೂ ಊರು ಬಿಟ್ಟು ದುಡಿಯುವ ನಮಗೆ ಮೊದಲಿನದೇ ಹೆಚ್ಚು ನಾಟುತ್ತದೆ. ಇತ್ತೀಚಿನ ವರ್ಷಗಳಲ್ಲಿ ಒಳ್ಳೆಯ ಸಂಬಳದ ಸುಳ್ಳು ಭರವಸೆಯನ್ನು ನಂಬಿ ಕಾಂಬೋಡಿಯಾ, ಮ್ಯಾನ್ಮಾರ್‌ಗಳಿಗೆ ಹೋಗಿ ವಂಚಕರ ಕೈಯಲ್ಲಿ ಸೆರೆಯಾದ ಭಾರತೀಯ ತರುಣರ ಸುದ್ದಿಯನ್ನು ನಾವೆಲ್ಲ ಓದಿದ್ದೇವೆ. ಮುಖ ಕಾಣದ ಧಣಿಯ ಕಾಗದವನ್ನು ಎರಡು ಬಾರಿ ಓದಬೇಕೆಂಬ ಎಚ್ಚರ 1939ರ ಈ ಪುಸ್ತಕದಲ್ಲಿಯೂ ಇದೆ.

ಹಾಗಾದರೆ ಯಾವುದು ಮೇಲು? ಹಾಡು, ನಗೆ, ನಡುಕಗಳಿಗೆ 'ಗುಮ್ನಾಮ್' ನೋಡಬೇಕು. ಅದರ ಶೀರ್ಷಿಕೆಗೀತೆಯಲ್ಲಿ ಲತಾ ಮಂಗೇಶ್ಕರರ ಕಂಠ ಇಂದಿಗೂ ಮೈ ನವಿರೇಳಿಸುತ್ತದೆ. ಆದರೆ ಚಿತ್ರಗಳು ನಾಯಕ ನಾಯಿಕೆಯರ ಜೊತೆಗೆ ನಮ್ಮನ್ನೂ ದ್ವೀಪದಿಂದ ಪಾರುಮಾಡಿ, ನಾವು ನಿರಪರಾಧಿಗಳೆಂದು ಸಮಾಧಾನ ಹೇಳಿ ಮನೆಗೆ ಕಳುಹಿಸುತ್ತವೆ. ಪುಸ್ತಕ ಹಾಗೆ ಮಾಡುವುದಿಲ್ಲ. ಕೊನೆಯ ಹಾಳೆ ಮಗುಚಿ ದೀಪವಾರಿಸಿದ ಮೇಲೆ ಆ ಗ್ರಾಮೊಫೋನಿನ ಧ್ವನಿ ನಮ್ಮ ಹೆಸರನ್ನೂ ಕರೆದಂತಾಗುತ್ತದೆ. ಕಾನೂನು ಕೇಳದ, ನಾವೂ ಯಾರಿಗೂ ಹೇಳದ ಯಾವುದೋ ಒಂದು ತಪ್ಪು ನೆನಪಿಗೆ ಬರುತ್ತದೆ. ಅದಕ್ಕಾಗಿಯೇ ಮೊದಲು ಪುಸ್ತಕ, ಆಮೇಲೆ ಚಿತ್ರ ಎಂಬುದು ನಮ್ಮ ಅಭಿಪ್ರಾಯ. ಆದರೆ ಬೆಳಗಿನ ಜಾವ ನಾಲ್ಕಕ್ಕೆದ್ದು ಒಲೆ ಹಚ್ಚಬೇಕಾದವರು ರಾತ್ರಿ ಇದನ್ನು ತೆರೆಯದಿರುವುದೇ ಲೇಸು. ರಜೆಯ ದಿನಕ್ಕೆ ಕಾದಿರಿಸಲಿ!